ಎಲ್ಲ ಕೋಣೆಗಳಿಗೂ

ಇದು ನಡೆದದ್ದು, ಕಟ್ಟಿದ್ದಲ್ಲ. ಕಟ್ಟುಕತೆಯಾಗಿದ್ದರೆ ಆ ಆಸ್ಪತ್ರೆಯ ಲಿಫ್ಟಿಗೆ ಬೇರೆ ಯಾರದಾದರೂ ದನಿ ಹಾಕಿ ಅವನನ್ನು ಅಷ್ಟರ ಮಟ್ಟಿಗಾದರೂ ಬಚಾವು ಮಾಡಬಹುದಿತ್ತು. ಆದರೆ ಲಿಫ್ಟಿನಲ್ಲಿ ಇದ್ದದ್ದು ಅವನದೇ ದನಿ. 'ಬಾಗಿಲು ಮುಚ್ಚುತ್ತಿದೆ. ದಯವಿಟ್ಟು ದೂರ ನಿಲ್ಲಿ' ಎಂದು ಅದು ತಲೆಯ ಮೇಲಿನ ಜಾಲರಿಯಿಂದ ಹೇಳಿದಾಗಲೆಲ್ಲ, ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದರಲ್ಲಿ ಇಸ್ತ್ರಿ ಮಾಡಿದ ಬಟ್ಟೆಯ ಚೀಲ ಹಿಡಿದು ಮೂಲೆಯಲ್ಲಿ ನಿಂತ ಅವನಿಗೆ, ತನ್ನನ್ನು ತಾನೇ ಬಹುವಚನದಲ್ಲಿ ಕರೆದು ಕತ್ತು ಹಿಡಿದು ಆಚೆಗೆ ನೂಕಿದ ಹಾಗಾಗುತ್ತಿತ್ತು. ದನಿ ಕೊಡುವುದೇ ಅವನ ಕಸುಬು. ಲಿಫ್ಟಿಗೆ, ಬಸ್ ನಿಲ್ದಾಣಕ್ಕೆ, ಫೋನಿನಲ್ಲಿ ಕಾಯುವವರಿಗೆ. ಎಷ್ಟೋ ವರ್ಷದ ಹಿಂದೆ, ಗೋಡೆಗೆಲ್ಲ ಸ್ಪಂಜು ಹೊದಿಸಿದ ಒಂದು ಕೋಣೆಯಲ್ಲಿ, ನೆಗಡಿಯಲ್ಲಿ, ಆ ಎರಡು ಸಾಲನ್ನು ಓದಿದ್ದ. ಗಾಜಿನಾಚೆಗಿದ್ದ ರೆಕಾರ್ಡಿಂಗಿನವನು 'ಇನ್ನೂ ಸ್ವಲ್ಪ ಪ್ರೀತಿಯಿಂದ ಹೇಳಿ ಸಾರ್, ಹೊಸ ಹೆಂಡ್ತಿಗೆ ಹೇಳೋ ಥರ' ಎಂದಿದ್ದ. ಆ ಪ್ರೀತಿ ಈಗ ಹಗಲೂ ರಾತ್ರಿ ಹತ್ತುತ್ತ ಇಳಿಯುತ್ತ ಇತ್ತು. ಇವತ್ತು ಬೆಳಿಗ್ಗೆ ಒಬ್ಬ ಅಜ್ಜಿ ಜಾಲರಿಯತ್ತ ಮುಖವೆತ್ತಿ 'ಆಯ್ತಪ್ಪಾ, ದೂರಾನೇ ನಿಂತಿದೀನಲ್ಲ, ಎಷ್ಟು ಸಲ ಹೇಳ್ತೀಯ' ಎಂದು ಗದರಿದಳು. ಲಿಫ್ಟಿನಲ್ಲಿದ್ದವರೆಲ್ಲ ನಕ್ಕರು. ಅವನು ನಗಲಿಲ್ಲ. ಗದರಿಸಿಕೊಂಡವನು ತಾನೇ ಎಂದು ಆ ಅಜ್ಜಿಗೆ ಗೊತ್ತಿರಲಿಲ್ಲ ನಿಜ, ಆದರೂ ಕಿವಿ ಬಿಸಿಯಾಯಿತು.

ಕೋಪ ಅವನಿಗೆ ಈಚೆಗೆ ನೆಗಡಿಯ ಹಾಗೆ ಆಗಿಬಿಟ್ಟಿತ್ತು: ಯಾರಿಂದ ಅಂಟಿತು ಎನ್ನುವ ಹಾಗಿಲ್ಲ, ಯಾರ ಮೇಲೆ ಸೀನಿದರೂ ನಡೆಯುತ್ತದೆ. ಮೊದಲು ಡಾಕ್ಟರ ಮೇಲೆ. ಮಗಳು ಇನ್ನೂ ಹಲ್ಲು ಮೂಡುವ ಮೊದಲೇ ಬೆಳ್ಳಗೆ, ಅಂದರೆ ಮುದ್ದಾಗಿ ಅಲ್ಲ, ಸುಣ್ಣದಂತೆ ಬೆಳ್ಳಗಾಗುತ್ತಿದ್ದಳು ಎಂದು ತೋರಿಸಲು ಹೋದಾಗ ಆ ಮನುಷ್ಯ ಕೇಳಿದ ಮೊದಲ ಪ್ರಶ್ನೆ, 'ಸಂಬಂಧದಲ್ಲಿ ಮದುವೆನಾ?' ಅವನ ಹೆಂಡತಿ ನೆಲ ನೋಡುತ್ತ 'ನನ್ನ ಸೋದರತ್ತೆ ಮಗ' ಎಂದಳು, ಕದ್ದ ಮಾಲನ್ನು ಮೇಜಿನ ಮೇಲಿಡುವವಳ ಹಾಗೆ. ಡಾಕ್ಟರು 'ಹೂಂ' ಎಂದರು. ಆ ಒಂದು ಹೂಂಕಾರವನ್ನು ಅವನು ಇವತ್ತಿಗೂ ಇದ್ದ ಹಾಗೇ ಮಾಡಿ ತೋರಿಸಬಲ್ಲ: ಮೂಗಿನಿಂದ ಹೊರಟು ಗಂಟಲಲ್ಲಿ ಬಾಗಿಲು ಹಾಕಿಕೊಳ್ಳುವಂಥದು. ಗಂಡನ ರಕ್ತದಲ್ಲಿ ಒಂದು ಸಣ್ಣ ದೋಷ, ಹೆಂಡತಿಯದರಲ್ಲಿ ಅದೇ ಸಣ್ಣ ದೋಷ, ಇಬ್ಬರಿಗೂ ಏನೂ ಆಗಿಲ್ಲ. ಎರಡೂ ಕೂಡಿ ಮಗಳ ಪಾಲಿಗೆ ಬಂದಿದೆ. ಅವಳ ಮೈ ರಕ್ತ ಮಾಡುತ್ತದೆ, ಮಾಡಿದ್ದು ನಿಲ್ಲುವುದಿಲ್ಲ. ಅಂದಿನಿಂದ ತಿಂಗಳು ತುಂಬುವುದರೊಳಗೆ ಒಮ್ಮೆ ಬೇರೆಯವರ ರಕ್ತ. ಒಮ್ಮೆ ಅದು ಸಿಗದೆ ರಕ್ತನಿಧಿಗೆ ಫೋನು ಮಾಡಿದರೆ ಅತ್ತಲಿಂದ 'ನಿಮ್ಮ ಕರೆ ನಮಗೆ ಬಹಳ ಮುಖ್ಯ. ದಯವಿಟ್ಟು ಸರದಿಯಲ್ಲಿರಿ' ಎಂದು ಅವನೇ ಅವನಿಗೆ ಹೇಳಿದ. ಮಗಳು ಸೋಫಾದ ಮೇಲೆ ಮುದುಡಿಕೊಂಡು ಮಲಗಿದ್ದಳು. 'ಮುಚ್ಚೋ ಬಾಯಿ' ಎಂದು ಅವನು ಫೋನಿಗೆ ಕಿರುಚಿದ. 'ನಿಮ್ಮ ಕರೆ ನಮಗೆ ಬಹಳ ಮುಖ್ಯ' ಎಂದಿತು ಫೋನು.

ಲಿಫ್ಟು ನಿಂತಿತು. ಈ ಮಹಡಿಯಲ್ಲಿ ಗಾಜೇ ಗೋಡೆ. ಉದ್ದಕ್ಕೆ ಒಂದು ಕಾರಿಡಾರು, ಅದರ ಒಂದು ಬದಿಗೆ ಗಾಜಿನ ಕೋಣೆಗಳು, ಒಂದೊಂದರೊಳಗೂ ತಲೆ ಬೋಳಾದ ಒಂದೊಂದು ಮಗು, ಜೊತೆಗೆ ಮೂಗು ಬಾಯಿ ಮುಚ್ಚಿಕೊಂಡ ಒಬ್ಬ ದೊಡ್ಡವರು. ಒಬ್ಬರಿಗಷ್ಟೇ ಒಳಗೆ ಅವಕಾಶ. ಅವನ ಮಗಳ ಜೊತೆ ಹೆಂಡತಿ ಇದ್ದಳು. ಉಳಿದವರು ಹೊರಗೆ ನಿಂತು ಗೋಡೆಯ ಫೋನಿನಲ್ಲಿ ಮಾತಾಡಬೇಕು, ಅದು ಒಳಗಿನ ಸ್ಪೀಕರಿನಲ್ಲಿ ಕೇಳುತ್ತದೆ, ಒಳಗಿನವರು ತಮ್ಮ ಫೋನೆತ್ತಿ ಉತ್ತರಿಸಬೇಕು. ಮೀನಿನ ತೊಟ್ಟಿಗೆ ಫೋನು ಹಾಕಿಸಿದ ಹಾಗೆ. ಮಗಳು, ಮನೆಯಲ್ಲಿ ಎಲ್ಲರೂ ಚಿನಕುರಳಿ ಎಂದು ಕರೆಯುವವಳು, ಗೋಡೆಯ ಕಡೆ ತಿರುಗಿ ಮಲಗಿದ್ದಳು. ರಕ್ತ ಮಾಡುವ ಮಜ್ಜೆಯನ್ನೇ ಬದಲಿಸುವುದೊಂದೇ ದಾರಿ ಎಂದಿದ್ದರು, ಅದಕ್ಕೆ ಮುಂಚಿನ ಕೀಮೋ ಮುಗಿದಿತ್ತು. ಹಳೆಯ ಮಜ್ಜೆಯನ್ನು ಪೂರಾ ಸುಟ್ಟುಹಾಕದೆ ಹೊಸದು ಬೇರೂರುವುದಿಲ್ಲವಂತೆ. ಅವಳ ಮೂಳೆಗಳೊಳಗೆ ಈಗ ಅವಳದು ಅನ್ನುವಂಥದು ಏನೂ ಇಲ್ಲ. ಅಪ್ಪನದು ಹೊಂದುವುದಿಲ್ಲ, ಅಮ್ಮನದು ಹೊಂದುವುದಿಲ್ಲ. 'ನೀವಿಬ್ರೂ ಅರ್ಧ' ಎಂದಿದ್ದರು ಡಾಕ್ಟರು, 'ತಂದೆ ತಾಯಿ ಸಾಮಾನ್ಯವಾಗಿ ಅರ್ಧಾನೇ ಹೊಂದೋದು.' ಸಿಟ್ಟು ನೆತ್ತಿಗೇರಿತ್ತು, ಅರ್ಧ ಎಂಬುದನ್ನು ಅವರು ಅವನನ್ನು ಬಹಳ ದಿನದಿಂದ ಬಲ್ಲವರ ಹಾಗೆ ಹೇಳಿದ್ದಕ್ಕೆ. ಪೂರಾ ಹೊಂದಿದ್ದು ಒಬ್ಬನೇ ಒಬ್ಬ: ಹೆಂಡತಿಯ ತಮ್ಮ. ಆಗ ಅದೇ ಡಾಕ್ಟರು ಖುಷಿಯಿಂದ ಅಂಗೈ ಉಜ್ಜಿಕೊಂಡು 'ನೋಡಿ, ಒಳಸಂಬಂಧ ಒಂದೊಂದ್ಸಲ ಒಳ್ಳೇದೂ ಮಾಡುತ್ತೆ' ಎಂದರು. ಹೂಂ.

ಬಾಮೈದ. ಜಗತ್ತಿನಲ್ಲಿ ಇಷ್ಟು ಜನ ಇರುವಾಗ ಅವನೇ ಆಗಬೇಕಿತ್ತೇ? ಬಾಮೈದ ಕಾರು ಕಲಿಸುವ ಮೇಷ್ಟ್ರು. ಮುಂದಿನ ಹಲ್ಲಿನ ಸಂದಿಯಿಂದ ಅವನ 'ಸ'ಗಳೆಲ್ಲ ಸೀಟಿ ಹೊಡೆಯುತ್ತವೆ. ಯಾರಿಗೆ ಏನು ಹೇಳಬೇಕಾದರೂ 'ತಪ್ಪು ತಿಳ್ಕೋಬೇಡಿ' ಎಂದೇ ಶುರು. ಇಷ್ಟಿದ್ದರೆ ಸಾಕಲ್ಲ. ದನಿಯ ಕಸುಬಿನವನಿಗೆ, ಅದೂ ಮಿಮಿಕ್ರಿಯ ಚಟ ಇರುವವನಿಗೆ, ಇಂಥ ನೆಂಟ ಸಿಗುವುದು ಅಂದರೆ ಕಳ್ಳನಿಗೆ ಬೀಗವಿಲ್ಲದ ಮನೆ ಸಿಕ್ಕ ಹಾಗೆ. ಬಾಮೈದನಿಗೆ 'ತಪ್ಪುತಿಳಿ' ಎಂದು ಹೆಸರಿಟ್ಟದ್ದೂ ಇವನೇ. ಮದುವೆಮನೆ, ನಾಮಕರಣ, ಸಾವಿನ ಮನೆಯ ಹನ್ನೆರಡನೆಯ ದಿನವೂ ಸೇರಿ, ನಾಲ್ಕು ಜನ ಕೂತರೆ ಸಾಕು, ಯಾರಾದರೂ 'ಕಂಬದ ಕತೆ ಹೇಳೋ' ಎನ್ನುತ್ತಿದ್ದರು. ಸ್ಟೀರಿಂಗು ಹಿಡಿದ ಹೆಂಗಸು ನೇರ ದೀಪದ ಕಂಬಕ್ಕೆ ಗುರಿಯಿಟ್ಟು ಹೊರಟಿರುವಾಗ ಪಕ್ಕದಲ್ಲಿ ಕೂತ ಮೇಷ್ಟ್ರು: 'ತಪ್ಪು ತಿಳ್ಕೋಬೇಡಿ ಅಮ್ಮ, ಎದುರಿಗೆ ಒಂದು ಕಂಬ ಇದೆ. ಅದು ಸರ್ಕಾರಿ ಕಂಬ, ಸರಿಯೋದಿಲ್ಲ. ಸಾಧ್ಯವಾದ್ರೆ ನಾವೇ ಸ್ವಲ್ಪ ಸರಿಯೋಣ್ವಾ ಅಂತ...' ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಬಾಮೈದ. ಅದೇ ವಿಚಿತ್ರ. ಅವನ ಸೀಟಿ, ಅವನ ಕೆಮ್ಮು, ಅವನು ಮಾತು ಹುಡುಕುವಾಗ ಬಲಗಾಲಿನಲ್ಲಿ ಇಲ್ಲದ ಬ್ರೇಕು ಒತ್ತುವುದು, ಎಲ್ಲವೂ ಇವನಿಗೆ ಸಿಕ್ಕಿತ್ತು, ಆ ನಗು ಮಾತ್ರ ಸಿಕ್ಕಿರಲಿಲ್ಲ. ಸ್ನಾನದ ಮನೆಯಲ್ಲಿ ಎಷ್ಟೋ ಸಲ ಪ್ರಯತ್ನಿಸಿದ್ದ. ಜೋರು ಬರುತ್ತಿತ್ತು, ಎತ್ತರ ಬರುತ್ತಿತ್ತು, ಆದರೆ ಒಳಗೆ ಇನ್ನೊಂದು ಏನೋ ಇತ್ತು, ಅದು ನಲ್ಲಿಯ ನೀರಿನಲ್ಲಿ ಕೊಚ್ಚಿಹೋಗುತ್ತಿತ್ತು.

ಆ ಬಾಮೈದನನ್ನು ಮುಂದೆ ಕೂರಿಸಿಕೊಂಡು ಡಾಕ್ಟರು ಹೇಳಿದ್ದರು: 'ನೀವು ಯಾವಾಗ ಬೇಕಾದ್ರೂ ಬೇಡ ಅನ್ಬಹುದು. ಆದ್ರೆ ಮಗುಗೆ ಔಷಧಿ ಶುರು ಮಾಡಿದ ಮೇಲೆ ನೀವು ಬೇಡ ಅಂದ್ರೆ ಮಗು ಉಳಿಯಲ್ಲ. ಇಷ್ಟಾದ್ರೂ ನಿಮ್ಮನ್ನ ಯಾರೂ ಬಲವಂತ ಮಾಡೋ ಹಾಗಿಲ್ಲ, ಆಯ್ತಾ?' ಬಾಮೈದ ಬಲಗಾಲನ್ನು ನೆಲಕ್ಕೆ ಒತ್ತಿದ. 'ತಪ್ಪು ತಿಳ್ಕೋಬೇಡಿ ಡಾಕ್ಟ್ರೇ, ನನಗೊಂದು ದಿನ ಸಮಯ ಕೊಡ್ತೀರಾ?' ಒಂದು ದಿನ! ಆ ದಿನವನ್ನು ಇವನು ಹೇಗೆ ಕಳೆದ ಎಂದು ಯಾರೂ ಕೇಳಲಿಲ್ಲ. ಒಪ್ಪಿಕೊಂಡ ಮೇಲೆ ಆ ಒಂದು ದಿನ ಇನ್ನೂ ದೊಡ್ಡದಾಯಿತು. ಬೇಡ ಅಂದಿದ್ದರೆ ದ್ವೇಷಿಸಿ ನಿರಾಳವಾಗಬಹುದಿತ್ತು. ಈಗ ಅದಕ್ಕೂ ದಾರಿಯಿಲ್ಲ. ಹೆಂಡತಿ ಮಾತ್ರ ತನ್ನ ತಮ್ಮ ಆಸ್ಪತ್ರೆಗೆ ಸೇರುವ ಹೊತ್ತಿಗೆ ಗಾಜಿನಾಚೆಯಿಂದ ಫೋನು ಹಿಡಿದು ಹೇಳಿದ್ದಳು, 'ನೋಡಿ, ನಾಳೆ ಅವನನ್ನ ಒಳಗೆ ಕರ್ಕೊಂಡು ಹೋಗೋವರೆಗೂ ನಿಮ್ಮ ಬಾಯಿಗೊಂದು ಬೀಗ ಹಾಕ್ಕೊಳಿ. ಕಂಬ ಗಿಂಬ ಏನೂ ಬೇಡ. ನಿಮ್ಮ ದಮ್ಮಯ್ಯ.' 'ನಾನೇನು ಚಿಕ್ಕ ಮಗೂನಾ?' 'ಚಿಕ್ಕ ಮಗು ಆಗಿದ್ರೆ ಎರಡು ಬಾರಿಸ್ತಿದ್ದೆ.'

ದಾನಿಯ ಕೋಣೆ ಅದೇ ಕಾರಿಡಾರಿನ ಕೊನೆಗೆ. ಅವನು ಇಸ್ತ್ರಿ ಮಾಡಿದ ಪಂಚೆ ಕೊಡಲು ಹೋದಾಗ ಬಾಮೈದ ಆಸ್ಪತ್ರೆಯ ಹಸಿರು ಗೌನಿನೊಳಗೆ ನಿಂತು ದಾರ ಹುಡುಕುತ್ತಿದ್ದ. 'ಬನ್ನಿ ಭಾವ. ತಪ್ಪು ತಿಳ್ಕೋಬೇಡಿ, ಇದನ್ನ ಹಿಂದೆ ಕಟ್ಟೋದಾ ಮುಂದೆ ಕಟ್ಟೋದಾ?'

'ಹಿಂದೆ.'

'ಹಿಂದೆ ಕೈ ಸಾಲಲ್ವಲ್ಲ.'

ಹಾಗಾಗಿ ಅವನೇ ಕಟ್ಟಬೇಕಾಯಿತು. ಬಾಮೈದನ ಬೆನ್ನು ಅವನು ಅಂದುಕೊಂಡದ್ದಕ್ಕಿಂತ ಸಣ್ಣದು. ಸೊಂಟದ ಕೆಳಗೆ ಎರಡೂ ಬದಿಗೆ ಎರಡು ಗುಳಿ, ನಾಳೆ ಸೂಜಿ ಇಳಿಯುವುದು ಅಲ್ಲಿಯೇ ಎಲ್ಲೋ. ಇಲ್ಲಿಂದ ತೆಗೆದದ್ದು ಮಗಳ ಮೈಯಲ್ಲಿ ಊರಿಕೊಂಡರೆ ಅವಳ ರಕ್ತದ ಗುಂಪೂ ಬಾಮೈದನದೇ ಆಗುತ್ತದಂತೆ. ಮುಂದೆ ಅವಳು ಬಿದ್ದು ಮಂಡಿ ತರಚಿಕೊಂಡರೆ ಬರುವುದು ಈ ತಪ್ಪುತಿಳಿಯ ರಕ್ತ. ಆ ಯೋಚನೆಗೆ ಅವನ ಬೆರಳುಗಳು ಗಂಟನ್ನು ಬಿಗಿಯಾಗಿ ಎಳೆದವು. 'ಅಯ್ಯೋ ಭಾವ, ನಾನೇನು ಓಡಿಹೋಗ್ತೀನಾ?' ಎಂದು ಬಾಮೈದ ಸೀಟಿಯಿಲ್ಲದೆ ನಕ್ಕ. ಆಗಲೇ ಅವನ ಕಣ್ಣಿಗೆ ಬಿದ್ದದ್ದು, ಬಾಗಿಲ ಪಕ್ಕದಲ್ಲಿ ಜೋಡಿಸಿಟ್ಟ ಶೂಗಳು. ಕಾಲುಚೀಲಗಳನ್ನು ಮಡಚಿ ಒಳಗೆ ತುರುಕಿ, ಮೂತಿ ಹೊರಗಡೆಗೆ ತಿರುಗಿಸಿ. ಹಾಕಿಕೊಂಡು ಹೊರಡುವುದೊಂದೇ ಬಾಕಿ ಎನ್ನುವ ಹಾಗೆ. ಮನುಷ್ಯರು ಶೂಗಳನ್ನು ಹೀಗೂ ಬಿಡುತ್ತಾರೆ, ಹಾಗೂ ಬಿಡುತ್ತಾರೆ. ಆದರೂ ಅವನು ಅವುಗಳಿಂದ ಕಣ್ಣು ಕೀಳಲಿಲ್ಲ. ಬಾಮೈದ ಮಂಚದ ಅಂಚಿನಲ್ಲಿ ಕೂತು ಅವನನ್ನೇ ನೋಡುತ್ತ, 'ಭಾವ, ಏನಾದ್ರೂ ಹೇಳ್ಬೇಕಿತ್ತಾ?' ಎಂದ.

ಹೇಳಬೇಕಿತ್ತು. ಊರಿಗೆಲ್ಲ 'ದಯವಿಟ್ಟು' 'ಧನ್ಯವಾದಗಳು' ಹಂಚಿದ ಗಂಟಲು. ಬಾಯಿ ತೆರೆದರೆ ಆ ಮಾತು ಲಿಫ್ಟಿನ ದನಿಯಲ್ಲಿ ಬರುತ್ತದೆ ಎಂದು ಅವನಿಗೆ ಖಾತ್ರಿಯಿತ್ತು. 'ಏನಿಲ್ಲ, ಪಂಚೆ ಇಲ್ಲಿಟ್ಟಿದೀನಿ' ಎಂದ. ಬಾಮೈದ ತಲೆಯಾಡಿಸಿದ. ಅವನ ಬಲಗಾಲು ನೆಲವನ್ನು ಮೆಲ್ಲಗೆ ಒತ್ತುತ್ತಿತ್ತು.

ಮಧ್ಯಾಹ್ನ ಊಟದ ಗಾಡಿ ಬಂದಾಗ ದೊಡ್ಡ ಸಿಸ್ಟರು ತಮ್ಮ ಮೇಜಿನ ಮೇಲಿನ ಫೋನೆತ್ತಿ, ಅದರ ಪಕ್ಕದ ಗುಂಡಿಯನ್ನು ಬಲಕ್ಕೆ ತಿರುಗಿಸಿ, 'ಎಲ್ಲ ಕೋಣೆಗಳಿಗೂ. ಊಟ ಬಂದಿದೆ. ಕೈ ತೊಳ್ಕೊಳಿ, ಮೂತಿ ಮುಚ್ಕೊಳಿ' ಎಂದು ಕೂಗಿದರು. ದಾನಿಯ ಕೋಣೆಯೂ ಸೇರಿ ಅಷ್ಟೂ ಕೋಣೆಗಳೊಳಗೆ ಅವರ ದನಿ ಒಟ್ಟಿಗೆ ಮೊಳಗಿತು, ಗಾಜುಗಳಾಚೆ ಎಲ್ಲರೂ ಒಮ್ಮೆಲೇ ತಲೆಯೆತ್ತಿದರು. ಒಂದು ಕೋಣೆಗೆ ಮಾತ್ರ ಮಾತಾಡಬೇಕಾದರೆ ಗುಂಡಿಯನ್ನು ಆ ಕೋಣೆಯ ಗುರುತಿಗೆ ತಿರುಗಿಸಬೇಕು. ದಿನಾ ನೋಡಿ ನೋಡಿ ಅವನಿಗೂ ಗೊತ್ತಿದ್ದ ಸಂಗತಿ ಅದು. ಗೊತ್ತಿದ್ದದ್ದು ಹೊತ್ತಿಗೆ ಒದಗಬೇಕಲ್ಲ.

ಹೆಂಡತಿ ಗಾಜು ಬಡಿದು ಕರೆದಳು. ಕೈಯಲ್ಲಿ ಕ್ಯಾಪ್ಸೂಲು. ಮಗಳು ಬಾಯಿ ಬಿಡುತ್ತಿಲ್ಲ. ಬಾಯಿ ತುಂಬ ಹುಣ್ಣು, ಉಗುಳು ನುಂಗಿದರೂ ಉರಿ. ಗೋಡೆಯ ಫೋನನ್ನೆತ್ತಿದರೆ ಸತ್ತಿತ್ತು. ಅದರ ತಲೆಗೆ ಎರಡು ಬಿಗಿದ. 'ಅದನ್ನ ಯಾಕೆ ಹೊಡೀತೀರಿ? ಅದೇನು ನಿಮ್ಮ ನೆಂಟನಾ?' ಎಂದರು ದೊಡ್ಡ ಸಿಸ್ಟರು. 'ಬನ್ನಿ, ನನ್ನ ಫೋನಲ್ಲಿ ಮಾತಾಡಿ. ನಾನು ಆ ಕೊನೇ ಮಗೂನ ಡ್ರಿಪ್ ನೋಡಿ ಬರ್ತೀನಿ.' ಅವನು ಅವರ ಕುರ್ಚಿಯಲ್ಲಿ ಕೂತ. ಅಲ್ಲಿಂದ ಮಗಳ ಕೋಣೆ ನೇರ ಎದುರಿಗೆ.

'ಚಿನಕುರಳಿ, ಮಾತ್ರೆ ನುಂಗು ಪುಟ್ಟಾ.' ಮಗಳು ಅಲುಗಲಿಲ್ಲ. 'ನುಂಗಿದ್ರೆ ಮನೆಗೆ ಹೋಗ್ಬಹುದು.' ಈ ಸುಳ್ಳನ್ನು ಅವಳು ಬಹಳ ಸಲ ಕೇಳಿದ್ದಳು. ಗಾಜಿನಾಚೆ ಅವಳ ತುಟಿ ಅಲುಗಿದ್ದು ಕಂಡಿತು, ಹೆಂಡತಿ ಬಗ್ಗಿ ಕೇಳಿಸಿಕೊಂಡು, ಅವನತ್ತ ನೋಡಿ, ಬೇಡವೆಂದು ತಲೆಯಾಡಿಸಿದಳು. ಅವನಿಗೆ ಕೇಳದೆಯೂ ತಿಳಿಯಿತು. ಕಂಬದ ಕತೆ ಬೇಕು. ಮಗು ಈಗ ನಕ್ಕರೆ ಹುಣ್ಣು ಬಿರಿಯುತ್ತದೆ, ಆದರೂ ಅವಳಿಗೆ ಅದೇ ಬೇಕು. ಹೆಂಡತಿ ಮತ್ತೆ ತಲೆಯಾಡಿಸಿದಳು. ಆ ತಲೆಯಾಡಿಕೆ ಅವನಿಗೆ ಚುಚ್ಚಿತು. ನನ್ನ ಮಗಳು ನನ್ನನ್ನು ಕೇಳುತ್ತಿರುವುದು ಇದೊಂದೇ, ನಾನು ಪೂರ್ತಿ ಕೊಡಬಲ್ಲದ್ದೂ ಇದೊಂದೇ, ಅದಕ್ಕೂ ಆ ಕೊನೆಯ ಕೋಣೆಯವನ ಅಪ್ಪಣೆ ಬೇಕೇ? ಅವನು ಫೋನನ್ನು ಬಾಯಿಗೆ ಹತ್ತಿರ ಹಿಡಿದು, ನಾಲಿಗೆಯನ್ನು ಹಲ್ಲಿನ ಹಿಂದಕ್ಕೆ ಒತ್ತಿ, ಕೆಮ್ಮಿದ. ಬಾಮೈದನ ಕೆಮ್ಮು. ಮಗಳು ತಟ್ಟನೆ ಇತ್ತ ಹೊರಳಿದಳು.

'ತಪ್ಪು ತಿಳ್ಕೋಬೇಡಿ ಅಮ್ಮ, ಎದುರಿಗೆ ಒಂದು ಕಂಬ ಇದೆ...'

ಕಂಬದ ಕತೆ ಎಂದೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ. ಕೋಪ ಅದರ ಕೆಳಗೆ ಒಲೆಯ ಹಾಗೆ ಉರಿಯುತ್ತಿತ್ತು. ಕಂಬ ಮುಗಿಯಿತು, ಮಗಳ ಕಣ್ಣು ಇನ್ನೂ ಬೇಕೆಂದಿತು, ಅವನು ನಿಲ್ಲಿಸಲಿಲ್ಲ, ಅವಳ ಸೋದರಮಾವನನ್ನು ಆಪರೇಷನ್ ಮೇಜಿನ ಮೇಲೆ ಬೋರಲು ಮಲಗಿಸಿದ. 'ತಪ್ಪು ತಿಳ್ಕೋಬೇಡಿ ಡಾಕ್ಟ್ರೇ, ಸೊಂಟ ನಂದು, ಸೂಜಿ ನಿಮ್ದು. ಸೂಜಿ ಸ್ವಲ್ಪ ಸಣ್ಣದಿದ್ರೆ ಸಂತೋಷ. ಸಿಗ್ನಲ್ ಹಾಕಿ ಚುಚ್ಚಿ.' ಮಗಳ ಭುಜ ಕುಣಿಯತೊಡಗಿತು. ಅಲ್ಲಿಗೆ ಬಿಡಬಹುದಿತ್ತು. ಆದರೆ ಬಾಯೊಳಗೆ ಬಾಮೈದ ಈಗ ತಾನಾಗಿಯೇ ಮಾತಾಡುತ್ತಿದ್ದ: 'ತಪ್ಪು ತಿಳ್ಕೋಬೇಡಿ, ನಾನು ಶೂ ಹಾಕ್ಕೊಂಡು ಸೀದಾ ಹೊರಟುಬಿಟ್ರೆ ಏನ್ಮಾಡ್ತೀರಿ ಭಾವ? ಇಷ್ಟು ವರ್ಷ ಸಹಿಸ್ಕೊಂಡಿದೀನಿ. ಇವತ್ತು ಸರದಿ ನಂದು. ಸಾಷ್ಟಾಂಗ ಬೀಳ್ತೀರಾ? ಬಿದ್ದು ಸಾರಿ ಅಂತೀರಾ? ಅನ್ನಿ ನೋಡೋಣ...'

ಹೆಂಡತಿ ಎದ್ದು ನಿಂತಿದ್ದಳು. ಅವಳು ಅವನನ್ನಲ್ಲ, ತನ್ನ ಎಡಬಲದ ಕೋಣೆಗಳನ್ನು ನೋಡುತ್ತಿದ್ದಳು. ಅವನೂ ನೋಡಿದ. ಪಕ್ಕದ ಗಾಜಿನೊಳಗೆ ಬೋಳುತಲೆಯ ಒಬ್ಬಳು ಹುಡುಗಿ ನಗುತ್ತಿದ್ದಳು. ಅದರಾಚೆಗಿನದರಲ್ಲಿ ಇಬ್ಬರು, ತಾಯಿ ಮತ್ತು ಮಗು. ಅದರಾಚೆಗೂ. ಸಾಲು ಸಾಲು ತೊಟ್ಟಿಗಳಲ್ಲಿ ನಗು ಶಬ್ದವಿಲ್ಲದೆ ಬಾಯಿ ತೆರೆಯುತ್ತಿತ್ತು. ಅವನ ಕಣ್ಣು ಗುಂಡಿಯ ಮೇಲೆ ಇಳಿಯಿತು. ಅದು ಬಲಕ್ಕೇ ಇತ್ತು. ಎಲ್ಲ ಕೋಣೆಗಳಿಗೂ.

ಫೋನು ಕೈಯಲ್ಲಿಯೇ ಉಳಿಯಿತು. ಅವನು ಕಾದದ್ದು ಆ ನಗುವಿಗೆ. ಯಾವಾಗಲೂ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಬರುತ್ತಿದ್ದ ಬಾಮೈದನ ನಗು ಕಾರಿಡಾರಿನ ಕೊನೆಯಿಂದ ಈಗ ಬರಬೇಕು. ಬರಲಿಲ್ಲ. ಬಂದದ್ದು ಬಾಗಿಲು ತೆರೆದ ಸದ್ದು, ಆಮೇಲೆ ಶೂಗಳ ಸದ್ದು. ಮಗಳ ಮೂಳೆಗಳು ಖಾಲಿ ಇವೆ ಎಂಬುದು ಅವನಿಗೆ ಆಗ, ಮೊಟ್ಟಮೊದಲ ಬಾರಿಗೆ, ತನ್ನ ಮೂಳೆಗಳಲ್ಲಿ ತಿಳಿಯಿತು. ಏಳಬೇಕು, ಓಡಬೇಕು, ಕಾಲಿಗೆ ಬೀಳಬೇಕು. ಮೈ ಕುರ್ಚಿಯಿಂದ ಏಳಲಿಲ್ಲ, ಬಲಗಾಲು ಮಾತ್ರ ಮೇಜಿನ ಕೆಳಗೆ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ಬಾಮೈದ ಗೌನಿನ ಮೇಲೆ ಪಂಚೆ ಸುತ್ತಿಕೊಂಡು, ಶೂ ಹಾಕಿಕೊಂಡು, ಮೇಜಿನವರೆಗೂ ಬಂದು ನಿಂತ. ಅವನ ಮುಖದಲ್ಲಿ ಏನೂ ಇರಲಿಲ್ಲ. ಲಿಫ್ಟು ಅವನ ಬೆನ್ನ ಹಿಂದೆಯೇ, ಬಾಗಿಲು ತೆರೆದು ನಿಂತಿತ್ತು. 'ಬಾಗಿಲು ಮುಚ್ಚುತ್ತಿದೆ' ಎಂದಿತು ಅದು, 'ದಯವಿಟ್ಟು ದೂರ ನಿಲ್ಲಿ.' ಬಾಮೈದ ತಿರುಗಿ ಒಮ್ಮೆ ಅದನ್ನು ನೋಡಿದ. ಬಾಗಿಲು ಮುಚ್ಚಿಕೊಂಡಿತು. ಆಮೇಲೆ ಕೈ ಚಾಚಿ ಭಾವನ ಕೈಯಿಂದ ಫೋನನ್ನು ಬಿಡಿಸಿಕೊಂಡ. ಗುಂಡಿಯನ್ನು ನೋಡಿದ, ತಿರುಗಿಸಲಿಲ್ಲ.

'ನಮಸ್ಕಾರ,' ಎಂದ ಬಾಮೈದ. ಆದರೆ ಅದು ಬಾಮೈದನ ದನಿಯಲ್ಲ. ಅಷ್ಟೂ ಕೋಣೆಗಳ ಸ್ಪೀಕರುಗಳಿಂದ ನಯವಾಗಿ, ಹೊಸ ಹೆಂಡತಿಗೆ ಹೇಳುವ ಹಾಗೆ ಹೊರಟದ್ದು ಲಿಫ್ಟಿನ ದನಿ, ಭಾವನ ದನಿ. ಸೀಟಿ ಎಲ್ಲಿಯೂ ಇರಲಿಲ್ಲ. 'ನಿಮ್ಮ ಕೋಪ ನಮಗೆ ಬಹಳ ಮುಖ್ಯ. ಡಾಕ್ಟರ ಮೇಲೆ ಸಿಟ್ಟಾಗಲು ಒಂದನ್ನು ಒತ್ತಿ. ಹೆಂಡತಿಯ ಮೇಲೆ ಸಿಟ್ಟಾಗಲು ಎರಡನ್ನು ಒತ್ತಿ. ಗೋಡೆಯ ಫೋನನ್ನು ಹೊಡೆಯಲು ಮೂರನ್ನು ಒತ್ತಿ.' ಪಕ್ಕದ ಕೋಣೆಯ ಹುಡುಗಿ ಗಾಜಿಗೆ ಮೂಗು ಒತ್ತಿಕೊಂಡು ನಿಂತಳು. ದೊಡ್ಡ ಸಿಸ್ಟರು ಕೊನೆಯ ಮಗುವಿನ ಕೋಣೆಯಿಂದ ಹೊರಬಂದವರು ಬಾಯಿಗೆ ಕೈ ಅಡ್ಡ ಹಿಡಿದರು. 'ಬಾಮೈದನನ್ನು ಆಡಿಕೊಳ್ಳಲು ನಾಲ್ಕನ್ನು ಒತ್ತಿ. ಈ ಸೌಲಭ್ಯ ಹಗಲೂ ರಾತ್ರಿ ಲಭ್ಯ.' ಹೆಂಡತಿಯ ಮುಸುಕಿನ ಮೇಲಿನ ಕಣ್ಣುಗಳು ಸಣ್ಣಗಾದವು. ಅವಳೂ ನಗುತ್ತಿದ್ದಳು, ಅವಳೂ! 'ಬಾಮೈದನಿಗೆ ಒಂದು ಒಳ್ಳೆಯ ಮಾತು ಹೇಳಲು...' ಅಲ್ಲಿ ಬಾಮೈದ ನಿಲ್ಲಿಸಿದ. ಭಾವನನ್ನೇ ನೋಡಿದ. 'ಕ್ಷಮಿಸಿ. ಈ ಸೌಲಭ್ಯ ಸದ್ಯಕ್ಕೆ ಲಭ್ಯವಿಲ್ಲ. ಮಜ್ಜೆ ನಾಳೆ ಬೆಳಿಗ್ಗೆ ಹೊರಡಲಿದೆ. ಪ್ರಯಾಣಿಕರು ಮಾತ್ರೆ ನುಂಗಿ ಸಿದ್ಧರಾಗಿರಬೇಕಾಗಿ ವಿನಂತಿ.'

ಎಷ್ಟು ದಿನ ಅಭ್ಯಾಸ ಮಾಡಿದ್ದಾನೆ ಇವನು? ಯಾವ ಸ್ನಾನದ ಮನೆಯಲ್ಲಿ, ಯಾವ ಖಾಲಿ ಕಾರಿನಲ್ಲಿ ಗಾಜು ಏರಿಸಿಕೊಂಡು, ಎಷ್ಟು ವರ್ಷ? ಗಾಜಿನಾಚೆ ಮಗಳು ನಗಲು ಬಾಯಿ ತೆರೆದಳು, ತೆರೆದ ಬಾಯಿಗೆ ಹೆಂಡತಿ ಕ್ಯಾಪ್ಸೂಲು ಹಾಕಿ ನೀರು ಹಿಡಿದಳು. ಮಗಳು ಮುಖ ಕಿವುಚಿ ನುಂಗಿದಳು, ನುಂಗಿ ಅವನತ್ತ ಬೆರಳು ತೋರಿಸಿ ಮತ್ತೆ ನಕ್ಕಳು. ಕೋಣೆ ಕೋಣೆಯಲ್ಲಿಯೂ ನಗುತ್ತಿದ್ದರು. ಎಲ್ಲರೂ ಅವನನ್ನೇ ನೋಡುತ್ತಿದ್ದರು, ಈಗ ಏನು ಮಾಡುತ್ತಾನೆ ಎಂದು. ಕಪಾಳಕ್ಕೆ ಹೊಡೆಯಲೆಂದು ಕೈ ಎದ್ದಿತು. ಯಾರ ಕಪಾಳಕ್ಕೆ? ನಾಳೆಯವರೆಗೂ ಆ ಮೈಯ ಮೇಲೆ ಒಂದು ಗೀರೂ ಬೀಳಬಾರದು.

ಆಗ ಅವನೊಳಗಿಂದ ನಗು ಹೊರಟಿತು. ಹೊಟ್ಟೆಯ ತಳದಿಂದ, ಎಲ್ಲರ ನಗುವಿಗಿಂತ ಮುಂದೆ ನುಗ್ಗಿ, ಎಲ್ಲರದಕ್ಕಿಂತ ಮೇಲೆ ಹತ್ತಿ, ಮುಖದ ಮೇಲೆ ಬೇರೆ ಏನೂ ಕಾಣಿಸದ ಹಾಗೆ ಅಗಲವಾಗಿ ಹರಡಿಕೊಂಡು. ಜೋರಾಗಿಯೇ ನಗಬೇಕು, ನಿಲ್ಲಿಸಿದರೆ ಜನ ಮುಖ ನೋಡಿಬಿಡುತ್ತಾರೆ. ಇಷ್ಟು ವರ್ಷ ನಲ್ಲಿಯ ನೀರಿನಲ್ಲಿ ಕೊಚ್ಚಿಹೋಗುತ್ತಿದ್ದದ್ದು ಇದೇ. ಬಾಮೈದನ ನಗು ಅವನ ಗಂಟಲಿಗೆ ಇದ್ದ ಹಾಗೇ ಬಂದಿತ್ತು, ಒಂದು ಕೂದಲಷ್ಟೂ ಹೆಚ್ಚುಕಡಿಮೆಯಿಲ್ಲದೆ.

'ತಪ್ಪು ತಿಳ್ಕೋಬೇಡಿ ಭಾವ' ಎಂದ ಬಾಮೈದ, ಸೀಟಿಯ ಸಮೇತ, ಫೋನನ್ನು ಮೆಲ್ಲಗೆ ಕೆಳಗಿಡುತ್ತ. ಅಲ್ಲಿ ನಗದೆ ಇದ್ದವನು ಅವನೊಬ್ಬನೇ. 'ಈಗ ಸರಿಯಾಗಿ ಬಂತು.'

ಅವನು ಇನ್ನೂ ಜೋರಾಗಿ ನಕ್ಕ.